ರನ್‌ವೇ ಸಂಖ್ಯೆ ಹುಡುಕುವವರು

ಕೇಳುಗರೆಲ್ಲರಿಗೂ ನಮಸ್ಕಾರ.

2019ರ ಕೊನೆಯ ತಿಂಗಳುಗಳಲ್ಲಿ ನನ್ನ ಸೋದರಳಿಯ ವಾರಕ್ಕೊಂದು ಚಿತ್ರವನ್ನು ಮೊಬೈಲಿಗೆ ಕಳುಹಿಸುತ್ತಿದ್ದ. ಜೊತೆಗೆ ಒಂದೇ ಸಾಲು: 'ಮಾವ, ಇದು ಯಾವ ಊರು ಹೇಳಿ.' ಸಮುದ್ರದ ಅಂಚು, ಪುಟ್ಟ ವಿಮಾನ, ಮೇಲೆ ಹತ್ತಿ ಹಿಂಜಿ ಹರಡಿದಂಥ ಮೋಡ. ಯಾರೋ ತೆಗೆದ ಫೋಟೋ ಎಂದುಕೊಂಡೆ. ಅಲ್ಲವಂತೆ. ಇನ್ನೂ ಬಿಡುಗಡೆಯಾಗದ ಕಂಪ್ಯೂಟರ್ ಆಟವೊಂದರ ಸ್ಕ್ರೀನ್‌ಶಾಟ್ ಅದು.

ಮನೆಯಲ್ಲೇ ಕೂತು ವಿಮಾನ ಹಾರಿಸುವ ಆ ಆಟದ ಹೆಸರು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್. 2019ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅದರ ಘೋಷಣೆಯಾಯಿತು. ಕಟ್ಟುತ್ತಿದ್ದವರು ಫ್ರಾನ್ಸಿನ ಬೋರ್ಡೋ ನಗರದ ಅಸೋಬೋ ಸ್ಟುಡಿಯೋದವರು. ಆಟ ಕೈಗೆ ಬಂದದ್ದು 2020ರ ಆಗಸ್ಟ್ 18ಕ್ಕೆ. ನಡುವಿನ ಹದಿನಾಲ್ಕು ತಿಂಗಳು ಅಭಿಮಾನಿಗಳ ಪಾಲಿಗೆ ದಕ್ಕಿದ್ದು ಹೆಚ್ಚಾಗಿ ಚಿತ್ರಗಳೇ. ಬಿಡುಗಡೆಗೆ ಮೊದಲೇ ಆಟವನ್ನು ಪರೀಕ್ಷಿಸುವವರು ಗುಟ್ಟು ಬಿಡುವುದಿಲ್ಲವೆಂದು ಒಪ್ಪಿಕೊಂಡು ಆಡುತ್ತಿದ್ದರು. ಅವರು ಸೆರೆಹಿಡಿದ ಚಿತ್ರಗಳಲ್ಲಿ ಕೆಲವನ್ನು ಆರಿಸಿ ಕಂಪನಿಯೇ ಗುರುವಾರಗಳಂದು ಹೊರಗೆ ಬಿಡುತ್ತಿತ್ತು. ಗುರುವಾರ ರಾತ್ರಿ ಅಳಿಯನಿಗೆ ಊಟ ರುಚಿಸುತ್ತಿರಲಿಲ್ಲ.

ಈ ಜನ ಚಿತ್ರವನ್ನು ನೋಡುವುದಿಲ್ಲ, ಜಾತಕದಂತೆ ಓದುತ್ತಾರೆ. ಮೊದಲು ಕಣ್ಣು ಹೋಗುವುದು ರನ್‌ವೇ ತುದಿಯ ಬಿಳಿ ಅಂಕಿಗೆ. 24 ಎಂದಿದ್ದರೆ ಆ ದಾರಿ ದಿಕ್ಸೂಚಿಯ ಸುಮಾರು 240 ಡಿಗ್ರಿಯತ್ತ, ಎಂದರೆ ನೈಋತ್ಯಕ್ಕೆ ಮುಖ ಮಾಡಿದೆ. ಅದೇ ದಾರಿಯ ಇನ್ನೊಂದು ತುದಿ ನೇರ ವಿರುದ್ಧಕ್ಕೆ, 60 ಡಿಗ್ರಿಯತ್ತ ಮುಖ ಮಾಡುವುದರಿಂದ ಅಲ್ಲಿ 06 ಇರಲೇಬೇಕು. ಕರಾವಳಿ ಯಾವ ಕಡೆಗಿದೆ, ಬೆಟ್ಟದ ಏಣು ಹೇಗೆ ಬಾಗಿದೆ ಎಂದು ಕೂಡಿಸಿ ಕಳೆದು ಭೂಪಟದ ಮೇಲೆ ಬೆರಳಿಡುತ್ತಾರೆ. ಆಮೇಲೆ ವಿಮಾನದೊಳಗೆ ನುಗ್ಗುತ್ತಾರೆ. ಗಾಜಿನ ಮೇಲೆ ಗೀರುಗಳಿವೆಯೇ? ರೆಕ್ಕೆಯ ರಿವೆಟ್‌ಗಳು ನಿಜವಾಗಿ ಉಬ್ಬಿವೆಯೇ, ಬರಿಯ ಬಣ್ಣವೇ? ಒಂದು ಚಿತ್ರದಲ್ಲಿ ಮಳೆಹನಿ ಮುಂಗಾಜಿನ ಮೇಲೆ ಕೆಳಕ್ಕೆ ಜಾರದೆ ಗಾಳಿಯ ಹೊಡೆತಕ್ಕೆ ಓರೆಯಾಗಿ ಮೇಲಕ್ಕೆ ಎಳೆದುಕೊಂಡಿತ್ತು. ಆ ಹನಿಯ ಬಗ್ಗೆ ಅಳಿಯ ನನ್ನ ತಲೆಯನ್ನು ಅರ್ಧ ಗಂಟೆ ತಿಂದ.

ಇವರಲ್ಲಿ ಅನುಮಾನದ ಪಿಶಾಚಿಗಳೂ ಇದ್ದರು. ಅವರನ್ನು ತಪ್ಪೆನ್ನಲಾರೆ, ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಅವರು. 2006ರಲ್ಲಿ ಇದೇ ಸರಣಿಯ ಹತ್ತನೆಯ ಆವೃತ್ತಿ ಬರುವ ಮೊದಲು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ್ದರು. ಒಂದು ಆಗಿನ ಗ್ರಾಫಿಕ್ಸ್ ತಂತ್ರದ್ದು, ಇನ್ನೊಂದು ಬರಲಿರುವ ಡೈರೆಕ್ಟ್‌ಎಕ್ಸ್ 10ರದು. ಎರಡನೆಯದರಲ್ಲಿ ನೀರು ಎಷ್ಟು ಚೆನ್ನಾಗಿತ್ತೆಂದರೆ ಜನ ಹೊಸ ಕಂಪ್ಯೂಟರಿನ ಲೆಕ್ಕ ಹಾಕತೊಡಗಿದರು. ಅದು ಆಟದಿಂದ ತೆಗೆದದ್ದಲ್ಲ, ಕಲಾವಿದನ ಕಲ್ಪನೆ ಎಂದು ಆಮೇಲೆ ತಿಳಿಯಿತು.

ಹಳಬರ ತಕರಾರು ಬೇರೆಯದು: 'ಚಿತ್ರವೇನೋ ಸೊಗಸು, ಹಾರುತ್ತದೆಯೇ?' ವೇಗ ಇಳಿದಾಗ ರೆಕ್ಕೆ ಆಸರೆ ಕಳೆದುಕೊಂಡು ಮೂಗು ಕೆಳಗೆ ಬೀಳುವ ಕ್ಷಣ, ಅಡ್ಡಗಾಳಿಯಲ್ಲಿ ಇಳಿಯುವಾಗ ಕಾಲಿನ ಪೆಡಲ್‌ನೊಡನೆ ನಡೆಯುವ ಹಗ್ಗಜಗ್ಗಾಟ, ಇವು ನಿಂತ ಚಿತ್ರಕ್ಕೆ ಸಿಕ್ಕುವಂಥವಲ್ಲ. 1982ರ ಮೊದಲ ಆವೃತ್ತಿಯಲ್ಲಿ ನೋಡಲು ಏನಿತ್ತು? ಬೆರಳೆಣಿಕೆಯ ಬಣ್ಣ, ನಾಲ್ಕು ಗೆರೆ ಎಳೆದರೆ ಷಿಕಾಗೊ. ಸರೋವರದ ಪಕ್ಕದ ಮೆಗ್ಸ್ ಫೀಲ್ಡ್ ಎಂಬ ಪುಟ್ಟ ನಿಲ್ದಾಣದಿಂದ ಹಾರಾಟ ಶುರು. 2003ರ ಮಾರ್ಚ್ ಕೊನೆಯ ಒಂದು ರಾತ್ರಿ ಷಿಕಾಗೊ ಮೇಯರ್ ಬುಲ್ಡೋಜರ್ ಕಳುಹಿಸಿ ಆ ನಿಲ್ದಾಣದ ರನ್‌ವೇ ಮೇಲೆ ದೊಡ್ಡ ಕತ್ತರಿ ಗುರುತುಗಳನ್ನು ಅಗೆಸಿದಾಗ, ಆ ಊರನ್ನೇ ಕಾಣದ ಎಷ್ಟೋ ಜನ ತಮ್ಮ ಮನೆ ಬಿದ್ದಂತೆ ಮರುಗಿದರು.

ಹೊಸ ಆಟದಲ್ಲಿ ಇಡೀ ಭೂಮಿಯೇ ಇತ್ತು. ಬಿಂಗ್ ಭೂಪಟದ ಉಪಗ್ರಹ ಮತ್ತು ವೈಮಾನಿಕ ಚಿತ್ರಗಳನ್ನು ಯಂತ್ರ ಓದಿ ಮನೆ, ಮರಗಳನ್ನು ತಾನೇ ಎಬ್ಬಿಸುತ್ತದೆ. ಮೆಲ್ಬರ್ನ್‌ನ ಹೊರವಲಯದಲ್ಲಿ ಅದು ಹಂಚಿನ ಮನೆಗಳ ನಡುವೆ 212 ಮಹಡಿಯ ಒಂಟಿ ಗೋಪುರವನ್ನು ನಿಲ್ಲಿಸಿತು. ಸಾರ್ವಜನಿಕ ಭೂಪಟವೊಂದರಲ್ಲಿ ಯಾರೋ 2 ಎನ್ನಲು ಹೋಗಿ 212 ಎಂದು ಒತ್ತಿದ್ದರ ಫಲ. ಚಿತ್ರ ಹಬ್ಬಿದ್ದೇ ತಡ, ಜನ ಜಾತ್ರೆಗೆ ಹೋದಂತೆ ಹಾರಿ ಹೋಗಿ ಸುತ್ತಿದರು. ಅದರ ತಾರಸಿಯ ಮೇಲೆ ವಿಮಾನ ಇಳಿಸಿದವರೂ ಉಂಟು. ಬಿಡುಗಡೆಗೆ ಮುಂಚಿನ ಯಾವ ಚಿತ್ರವೂ ಇಷ್ಟು ಸಂತೋಷ ಕೊಟ್ಟಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅಳಿಯ ಒಪ್ಪುವುದಿಲ್ಲ.

ಆಟ ಕೈಸೇರಿದ ವಾರ ಅವನಿಂದ ಮತ್ತೊಂದು ಚಿತ್ರ ಬಂತು. ಈ ಸಲ ಕಾಕ್‌ಪಿಟ್ ಅವನದೇ. ಗುಡ್ಡದ ನೆತ್ತಿ ಸವರಿ ಮಾಡಿದ ರನ್‌ವೇ, ಆಚೆ ದಿಢೀರನೆ ಇಳಿಯುವ ಕಣಿವೆ, ದೂರದಲ್ಲಿ ಹೊಳೆಯ ತಿರುವು. ಕನ್ನಡಕ ಹುಡುಕುವ ಮೊದಲೇ ಬೆರಳು ಟೈಪಿಸಿತ್ತು: 'ಕೆಂಜಾರು. ನಮ್ಮ ಮಂಗಳೂರು.' ಕೂಡಲೇ ಉತ್ತರ ಬಂತು: 'ಸರಿ. 24ಕ್ಕೆ ಇಳಿಯುತ್ತಿದ್ದೇನೋ, 06ಕ್ಕೋ?'

ಅಂಕಿ ವಿಮಾನದ ಮೂಗಿನ ಹಿಂದೆ ಮರೆಯಾಗಿತ್ತು. ಸಂಜೆಯಾಗಿದ್ದರೆ, 24ಕ್ಕೆ ಇಳಿಯುವವನ ಕಣ್ಣಿಗೆ ಸೂರ್ಯ ಕುಕ್ಕಬೇಕು. ನಾನು ಚಿತ್ರವನ್ನು ದೊಡ್ಡದು ಮಾಡಿಕೊಂಡು ನೆರಳು ಯಾವ ಕಡೆಗೆ ಬಿದ್ದಿದೆಯೆಂದು ಹುಡುಕತೊಡಗಿದೆ.