ಕಾರ್ಡ್ ಕೂತರೆ ಸಾಲದು, ಯಂತ್ರಕ್ಕೆ ಅದರ ಗುರುತು ಸಿಗಬೇಕು

ಎಲ್ಲರಿಗೂ ಶರಣು.

ಕಲಬುರಗಿಯ ಈ ಬಿಸಿಲಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಮುಂದಿನ ಸಾಲಿನಲ್ಲಿ ಡಿಪ್ಲೊಮಾ ಹುಡುಗರಿದ್ದಾರೆ, ಹಿಂದೆ ಅವರ ಸರ್‌ಗಳಿದ್ದಾರೆ, ಸೂಪರ್ ಮಾರ್ಕೆಟ್ ಕಡೆ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯರೂ ಕಾಣುತ್ತಿದ್ದಾರೆ. ನಡುವೆ ಪ್ರಶ್ನೆ ಬಂದರೆ ಕೈ ಎತ್ತಿ, ಕೊನೆಯವರೆಗೆ ಕಾಯಬೇಡಿ.

ಟೇಬಲ್ ಮೇಲೆ ಎರಡು ಯಂತ್ರ ಇಟ್ಟಿದ್ದೇನೆ. ಚಪ್ಪಟೆ ಡಬ್ಬಿ ಸನ್ ಕಂಪನಿಯ ಸ್ಪಾರ್ಕ್‌ಸ್ಟೇಷನ್ 20, 1994ರ ಮಾದರಿ. ಪಕ್ಕದ್ದು ಅಲ್ಟ್ರಾ 5, 1998ರದು. ಅದು ನೋಡಲು ಪಿಸಿ ಥರಾನೇ ಇದೆ, ಆದರೆ ಪಿಸಿ ಅಲ್ಲ. ಒಳಗೆ ಇಂಟೆಲ್ ಚಿಪ್ ಇಲ್ಲ, ಸ್ಪಾರ್ಕ್ ಪ್ರೊಸೆಸರ್ ಇದೆ. ಪಿಸಿ ಆನ್ ಆದಾಗ ಮೊದಲು ಓಡುವ ಬಯಾಸ್ ಇದರಲ್ಲಿಲ್ಲ. ವಿಂಡೋಸ್ ಸಿಡಿ ಹಾಕಿದರೆ ಏನೂ ಆಗುವುದಿಲ್ಲ.

ಸನ್ ಶುರುವಾಗಿದ್ದು 1982ರಲ್ಲಿ. ವಿನೋದ್ ಖೋಸ್ಲಾ, ಆಂಡಿ ಬೆಕ್ಟೋಲ್‌ಶೈಮ್, ಸ್ಕಾಟ್ ಮೆಕ್‌ನೀಲಿ, ಬಿಲ್ ಜಾಯ್ ಸೇರಿ ಕಟ್ಟಿದ ಕಂಪನಿ. 2010ರಲ್ಲಿ ಒರಾಕಲ್ ಅದನ್ನು ಕೊಂಡಿತು. ನಡುವಿನ ವರ್ಷಗಳಲ್ಲಿ ಚಿಪ್ ವಿನ್ಯಾಸ, ಎಂಜಿನಿಯರಿಂಗ್ ನಕ್ಷೆ, ಸಂಶೋಧನೆಯ ಲೆಕ್ಕ ಇಂಥ ಕೆಲಸವೆಲ್ಲ ಈ ಯಂತ್ರಗಳ ಮೇಲೆ ನಡೆಯಿತು. ಈಗ ಇವು ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋಗುತ್ತಿವೆ. ಅದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪವರ್ ಬಟನ್ ಒತ್ತಿದ ಕ್ಷಣದಿಂದ ಆಪರೇಟಿಂಗ್ ಸಿಸ್ಟಮ್ (ಓಎಸ್) ಬರುವ ತನಕ ಒಳಗೆ ಏನೇನು ನಡೆಯುತ್ತದೆ ಅನ್ನುವುದನ್ನು ಇಂದಿನ ಲ್ಯಾಪ್‌ಟಾಪ್ ನಿಮಗೆ ತೋರಿಸುವುದಿಲ್ಲ. ಈ ಯಂತ್ರಗಳು ತೋರಿಸುತ್ತವೆ. ನಡುವೆಯೇ ನಿಲ್ಲಿಸಿ ಕೇಳಬಹುದು, ಉತ್ತರ ಕೊಡುತ್ತವೆ.

ಡಿಸ್‌ಪ್ಲೇ, ನೆಟ್‌ವರ್ಕ್ ಥರದ ಕಾರ್ಡ್ ಚುಚ್ಚಿದ ಹಳೇ ಯಂತ್ರ ಹಿಡಿದು ಬರುವವರು ಸಾಮಾನ್ಯವಾಗಿ ಹೇಳುವುದು ಇಷ್ಟು: "ಸರ್, ಕಾರ್ಡ್ ಹಾಕಿದೀನಿ, ಏನೂ ಬರ್ತಿಲ್ಲ. ಓಎಸ್ ಹಳೇದು ಅಲ್ವಾ, ಡ್ರೈವರ್ ಇಲ್ಲ ಅನ್ಸುತ್ತೆ." ಡ್ರೈವರ್ ಅಂದರೆ ಕಾರ್ಡನ್ನು ನಡೆಸುವುದು ಹೇಗೆ ಅಂತ ಓಎಸ್‌ಗೆ ತಿಳಿಸುವ ಪ್ರೋಗ್ರಾಮ್. ಅದಿಲ್ಲ ಅಂತ ಓಎಸ್ ಬದಲಿಸುತ್ತಾ ಕೂರುತ್ತಾರೆ. ನನ್ನ ಅನುಭವದಲ್ಲಿ ತೊಂದರೆ ಬಹಳ ಸಲ ಅಲ್ಲಿರುವುದಿಲ್ಲ. ಓಎಸ್ ಏಳುವ ಮೊದಲೇ ಯಂತ್ರದ ಫರ್ಮ್‌ವೇರ್‌ಗೆ, ಅಂದರೆ ಬೋರ್ಡಿನ ಚಿಪ್ಪಿನಲ್ಲೇ ಇರುವ ಮೊದಲ ಪ್ರೋಗ್ರಾಮಿಗೆ, ಆ ಕಾರ್ಡಿನ ಗುರುತು ಸಿಕ್ಕಿದೆಯೇ ಇಲ್ಲವೇ ಅನ್ನುವುದೇ ಮೊದಲ ಪ್ರಶ್ನೆ.

ಅದನ್ನು ಕೇಳುವುದು ಹೇಗೆ? ಸನ್ ಕೀಬೋರ್ಡಿನ ಎಡಗಡೆ ಸ್ಟಾಪ್ ಅಂತ ಒಂದು ಕೀ ಇದೆ. ಅದನ್ನೂ ಎ ಕೀಯನ್ನೂ ಒಟ್ಟಿಗೆ ಒತ್ತಿದರೆ ಎಲ್ಲ ನಿಂತು, ತೆರೆಯ ಮೇಲೆ ಓಕೆ ಅಂತ ಬರುತ್ತದೆ. ಇದೇ ಓಪನ್‌ಬೂಟ್. ಮುಂದೆ ಇದೇ ಓಪನ್ ಫರ್ಮ್‌ವೇರ್ ಹೆಸರಲ್ಲಿ 1994ರಲ್ಲಿ ಐಇಇಇ ಸಂಸ್ಥೆಯ 1275 ಮಾನದಂಡವಾಯಿತು. ಇದು ಬರೀ ಮೆನು ಅಲ್ಲ, ಫೋರ್ತ್ ಅನ್ನುವ ಪೂರ್ತಿ ಪ್ರೋಗ್ರಾಮಿಂಗ್ ಭಾಷೆ. 2 3 + . ಅಂತ ಟೈಪ್ ಮಾಡಿ ಎಂಟರ್ ಒತ್ತಿ, 5 ಅಂತ ಬರುತ್ತದೆ. ಡಿಸ್ಕ್ ಇಲ್ಲ, ಓಎಸ್ ಇಲ್ಲ, ಆದರೂ ಯಂತ್ರ ಲೆಕ್ಕ ಮಾಡುತ್ತದೆ. ಶೋ-ಡೆವ್ಸ್ ಅಂತ ಟೈಪ್ ಮಾಡಿದರೆ ತನಗೆ ಗುರುತು ಸಿಕ್ಕ ಸಾಧನಗಳನ್ನೆಲ್ಲ ಪಟ್ಟಿ ಮಾಡುತ್ತದೆ. ನಿಮ್ಮ ಕಾರ್ಡ್ ಅದರಲ್ಲಿದೆಯಾ ಅಂತ ಮೊದಲು ನೋಡಿ.

ಈ ಗುರುತು ಬರುವುದು ಎಲ್ಲಿಂದ? ಕಾರ್ಡಿನ ಮೇಲೇ ಒಂದು ಸಣ್ಣ ರಾಮ್ ಚಿಪ್ ಇರುತ್ತದೆ. ನೆನಪಿನ ರ್‍ಯಾಮ್ ಅಲ್ಲ, ಬರೀ ಓದುವ ರಾಮ್. ಅದರೊಳಗೆ ಎಫ್‌ಕೋಡ್ ಅಂತ ಪುಟ್ಟ ಪ್ರೋಗ್ರಾಮ್ ಇದೆ. ಹೊಸ ಊರಿಗೆ ಹೋದವನು ಪರಿಚಯದವರ ಚೀಟಿ ಹಿಡಿದು ಹೋದ ಹಾಗೆ, ಕಾರ್ಡ್ ಈ ಎಫ್‌ಕೋಡ್ ಹಿಡಿದು ಬರುತ್ತದೆ. ಫರ್ಮ್‌ವೇರ್ ಅದನ್ನು ಓದಿ, ನಡೆಸಿ, ನಾನು ಇಂಥ ಕಾರ್ಡ್, ನನ್ನ ರಿಜಿಸ್ಟರ್‌ಗಳು ಇಲ್ಲಿವೆ, ನನ್ನಿಂದ ಬೂಟ್ ಮಾಡುವುದು ಹೀಗೆ ಅನ್ನುವುದನ್ನೆಲ್ಲ ತಿಳಿದುಕೊಳ್ಳುತ್ತದೆ. ಎಫ್‌ಕೋಡ್ ಯಾವ ಪ್ರೊಸೆಸರಿಗೂ ಸೇರಿದ್ದಲ್ಲ. ಪಿಸಿ ಕಾರ್ಡಿನ ರಾಮ್‌ನಲ್ಲಿರುವುದು ಇಂಟೆಲ್ ಪ್ರೊಸೆಸರಿಗೆ ಬರೆದ ಕೋಡ್. ಸ್ಪಾರ್ಕ್ ಅದನ್ನು ನಡೆಸಲಾರದು.

ಈಗ ಎರಡು ಯಂತ್ರಗಳ ವ್ಯತ್ಯಾಸ ಗಮನಿಸಿ. ಸ್ಪಾರ್ಕ್‌ಸ್ಟೇಷನ್ 20ರಲ್ಲಿ ಕಾರ್ಡ್ ಚುಚ್ಚುವ ಸ್ಲಾಟ್ ಎಸ್‌ಬಸ್ ಅನ್ನುವ ಬಗೆಯದು. ಇದು 1989ರಲ್ಲಿ ಸ್ಪಾರ್ಕ್‌ಸ್ಟೇಷನ್ 1ರ ಜೊತೆ ಬಂದಿದ್ದು. ಎಸ್‌ಬಸ್‌ನಲ್ಲಿ ಕಾರ್ಡಿನ ಗುರುತು ಇರುವುದೇ ಆ ರಾಮ್ ಒಳಗೆ. ರಾಮ್ ಕೆಟ್ಟರೆ ಸ್ಲಾಟ್ ಖಾಲಿ ಇದ್ದ ಹಾಗೇ ಕಾಣುತ್ತದೆ. ಅಲ್ಟ್ರಾ 5ರಲ್ಲಿರುವುದು ಪಿಸಿಐ ಬಗೆಯ ಸ್ಲಾಟ್. ಇಲ್ಲಿ ರಾಮ್ ಇಲ್ಲದಿದ್ದರೂ ಪ್ರತಿ ಕಾರ್ಡಿಗೆ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಇರುತ್ತವೆ. ಫರ್ಮ್‌ವೇರ್ ಆ ಸಂಖ್ಯೆಗಳನ್ನೇ ಹೆಸರಾಗಿಟ್ಟು ಪಟ್ಟಿಗೆ ಸೇರಿಸುತ್ತದೆ. ಓಎಸ್ ಬಂದ ಮೇಲೆ ಆ ಸಂಖ್ಯೆಗೆ ಸರಿಹೊಂದುವ ಡ್ರೈವರ್ ಇದ್ದರೆ ಕಾರ್ಡ್ ಕೆಲಸ ಮಾಡುತ್ತದೆ.

ಹಾಗಾಗಿ ಮಾಮೂಲಿ ಪಿಸಿಯ ಸ್ಕಸಿ (ಡಿಸ್ಕ್ ಜೋಡಿಸುವ ಹಳೇ ಪದ್ಧತಿ) ಕಾರ್ಡನ್ನು ಅಲ್ಟ್ರಾ 5ಗೆ ಹಾಕಿದರೆ, ಡ್ರೈವರ್ ಇರುವ ಚಿಪ್ ಆದರೆ, ಅದರ ಡಿಸ್ಕ್ ಓಎಸ್ ಎದ್ದ ಮೇಲೆ ಕಾಣುತ್ತದೆ. ಆ ಡಿಸ್ಕಿನಿಂದ ಬೂಟ್ ಮಾತ್ರ ಆಗುವುದಿಲ್ಲ. ಯುಎಸ್‌ಬಿ ಕಾರ್ಡಿನ ಕತೆಯೂ ಇದೇ. ಡಿಸ್‌ಪ್ಲೇ ಕಾರ್ಡಿನಲ್ಲಿ ಇದು ಇನ್ನೂ ಸ್ಪಷ್ಟ. ಸನ್ ಎಕ್ಸ್‌ವಿಆರ್-100 ಅಂತ ಒಂದು ಕಾರ್ಡ್ ಮಾರಿತು. ಅದರ ಮೇಲಿರುವುದು ಎಟಿಐ ರೇಡಿಯಾನ್ 7000 ಚಿಪ್. ಅದೇ ಚಿಪ್ಪಿನ ಪಿಸಿ ಕಾರ್ಡ್ ತಂದು ಹಾಕಿ, ಓಕೆ ಅನ್ನುವ ಅಕ್ಷರವೂ ತೆರೆಗೆ ಬರುವುದಿಲ್ಲ. ಚಿಪ್ ಒಂದೇ, ರಾಮ್ ಬೇರೆ. ಸಿಕಂದರಾಬಾದಿನ ಸಿಟಿಸಿಗೋ ಬೆಂಗಳೂರಿನ ಎಸ್‌ಪಿ ರೋಡಿಗೋ ಕಾರ್ಡ್ ಹುಡುಕಲು ಹೋಗುವವರು ಇದನ್ನು ನೆನಪಿಡಿ. ಡಿಇಸಿ ಕಂಪನಿಯವರು ಬೇರೆ ದಾರಿ ಹಿಡಿದರು. ಅವರ ಆಲ್ಫಾ ಯಂತ್ರಗಳ ಫರ್ಮ್‌ವೇರ್ ಒಳಗೆ ಇಂಟೆಲ್ ಪ್ರೊಸೆಸರನ್ನು ಅನುಕರಿಸುವ ಎಮ್ಯುಲೇಟರ್ ಇತ್ತು, ಪಿಸಿ ವಿಜಿಎ ಕಾರ್ಡಿನ ಕೋಡನ್ನು ಅದರಲ್ಲೇ ನಡೆಸುತ್ತಿದ್ದರು. ಜಾಣತನದ ಕೆಲಸ. ಆದರೂ ನನಗೆ ಎಫ್‌ಕೋಡ್ ದಾರಿಯೇ ಹೆಚ್ಚು ಹಿಡಿಸುತ್ತದೆ.

ಡ್ರೈವರ್ ಬರೆಯುವ ಆಸೆ ಇರುವವರಿಗೆ ಇನ್ನೊಂದು ಮಾತು. ಸ್ಪಾರ್ಕ್ ಸಂಖ್ಯೆಯ ದೊಡ್ಡ ಬೈಟನ್ನು ಮೊದಲು ಇಡುತ್ತದೆ, ಇಂಟೆಲ್ ಮತ್ತು ಪಿಸಿಐ ಸಣ್ಣ ಬೈಟನ್ನು ಮೊದಲು ಇಡುತ್ತವೆ. 12345678 ಅನ್ನುವ ಹೆಕ್ಸ್ (ಹದಿನಾರರ ಲೆಕ್ಕದ) ಸಂಖ್ಯೆ ಒಂದರಲ್ಲಿ 12 34 56 78 ಆಗಿ ಕೂತರೆ ಇನ್ನೊಂದರಲ್ಲಿ 78 56 34 12. ಇದನ್ನು ಅದಲುಬದಲು ಮಾಡದೆ ಬಿಟ್ಟರೆ ತೆರೆಯ ಮೇಲೆ ಕೆಂಪು ಇರಬೇಕಾದಲ್ಲಿ ನೀಲಿ ಬರಬಹುದು. ಬಣ್ಣ ಹಾಗೆ ಕೆಟ್ಟಿದ್ದರೆ ಕಾರ್ಡ್ ಹಾಳಾಗಿದೆ ಅಂತ ಎಸೆಯಬೇಡಿ.

ಇನ್ನು ಈ ಕಪ್ಪು ಚಿಪ್ ನೋಡಿ. ಬೇರೆ ಚಿಪ್‌ಗಳಿಗಿಂತ ಎತ್ತರ ಇದೆ ಅಲ್ವಾ? ಇದು ಎನ್‌ವಿರ್‍ಯಾಮ್. ಗಡಿಯಾರ, ಫರ್ಮ್‌ವೇರ್ ಸೆಟ್ಟಿಂಗ್, ಹೋಸ್ಟ್‌ಐಡಿ ಅನ್ನುವ ಯಂತ್ರದ ಗುರುತಿನ ಸಂಖ್ಯೆ, ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಮ್ಯಾಕ್ ವಿಳಾಸ ಎಲ್ಲ ಇದರಲ್ಲೇ. ಎತ್ತರ ಇರುವುದು ಯಾಕೆಂದರೆ ಒಳಗೆ ಲಿಥಿಯಂ ಬ್ಯಾಟರಿ ಇಟ್ಟು ಮೇಲೆ ಮುಚ್ಚಿಬಿಟ್ಟಿದ್ದಾರೆ. ಹತ್ತು ವರ್ಷದ ಆಸುಪಾಸು ಬಾಳಿಕೆ. ಬಿಸಿಲಿದ್ದಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ. ಬ್ಯಾಸಗಿಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಲ್ಲಿ, ಪತ್ರಾಸ್ ಕೆಳಗೆ ಇಟ್ಟ ಯಂತ್ರದಲ್ಲಿ ಅದು ಉಳಿದಿರುತ್ತದೆ ಅಂತ ನಂಬಬೇಡಿ. ಬ್ಯಾಟರಿ ಸತ್ತ ಯಂತ್ರ ಆನ್ ಮಾಡಿದರೆ ಐಡಿಪ್ರಾಮ್ (ಈ ಗುರುತುಗಳಿರುವ ಭಾಗ) ಸರಿಯಿಲ್ಲ ಅನ್ನುವ ಸಂದೇಶ ಬರುತ್ತದೆ, ಮ್ಯಾಕ್ ವಿಳಾಸದ ಜಾಗದಲ್ಲಿ ಬರೀ ಎಫ್ ಅಕ್ಷರಗಳ ಸಾಲು. ನೆಟ್‌ವರ್ಕ್ ಕಾರ್ಡ್ ಕೆಟ್ಟಿದೆ ಅಂದುಕೊಳ್ಳುವವರು ಇದನ್ನು ನೋಡಿಯೇ.

ಸರಿಮಾಡುವ ಕ್ರಮ ಹೀಗಿದೆ. ಚಿಪ್ ಸಾಕೆಟ್‌ನಲ್ಲಿರುತ್ತದೆ, ನಿಧಾನ ಎತ್ತಿ ತೆಗೆಯಿರಿ. ಸಣ್ಣ ಅರದಿಂದ ಬ್ಯಾಟರಿ ಇರುವ ತುದಿಯ ಪ್ಲಾಸ್ಟಿಕ್ ಸವೆಸಿ, ಒಳಗಿನ ಎರಡು ಲೋಹದ ಪಟ್ಟಿ ಕಾಣುವ ತನಕ. ಹಳೇ ಬ್ಯಾಟರಿಯ ಸಂಪರ್ಕ ಕಡಿಯಿರಿ. ನಂತರ 3 ವೋಲ್ಟಿನ ಸಿಆರ್2032 ಹೋಲ್ಡರಿನ ಎರಡು ತಂತಿ ಬೆಸುಗೆ ಹಾಕಿ. ಪ್ಲಸ್ ಮೈನಸ್ ಮೀಟರ್ ಹಿಡಿದು ಖಾತ್ರಿ ಮಾಡಿಕೊಳ್ಳಿ. ಮುಂದಿನ ಸಲ ಬ್ಯಾಟರಿ ಕೆಟ್ಟರೆ ಕಿರಾಣಿ ಅಂಗಡಿಯಲ್ಲೇ ಹೊಸದು ಸಿಗುತ್ತದೆ. ಆಮೇಲೆ ಓಕೆ ಸಾಲಿನಲ್ಲಿ ಕೂತು, ಅಳಿಸಿಹೋದ ಗುರುತನ್ನು ಒಂದೊಂದೇ ಬೈಟಾಗಿ ಮತ್ತೆ ಬರೆಯಬೇಕು. ಒಟ್ಟು 16 ಬೈಟ್. ಮೊದಲನೆಯದು 1. ಎರಡನೆಯದು ಯಂತ್ರದ ಬಗೆ. ಆಮೇಲೆ ಆರು ಬೈಟ್ ಮ್ಯಾಕ್ ವಿಳಾಸ, ಆ ಕಾಲದ ಸನ್ ಯಂತ್ರಗಳಲ್ಲಿ ಅದು 08:00:20 ಅಂತ ಶುರುವಾಗುತ್ತದೆ. ಕೊನೆಯ ಬೈಟ್ ಹಿಂದಿನ ಹದಿನೈದರ ಎಕ್ಸ್-ಆರ್ (ಬಿಟ್‌ಗೆ ಬಿಟ್ ಹೋಲಿಸುವ ಲೆಕ್ಕ) ಮೊತ್ತ. ಅದೊಂದು ತಪ್ಪಿದರೂ ಯಂತ್ರ ಒಪ್ಪುವುದಿಲ್ಲ. ಆ ಮೊತ್ತವನ್ನು ಕೈಯಲ್ಲಿ ಲೆಕ್ಕ ಹಾಕಬೇಡಿ, ಫೋರ್ತ್‌ನಲ್ಲೇ ಒಂದು ಸಾಲಿನ ಲೂಪ್ ಬರೆದು ಯಂತ್ರದಿಂದಲೇ ಮಾಡಿಸಿ. ಬ್ಯಾಟರಿ ಇನ್ನೂ ಜೀವಂತ ಇರುವ ಯಂತ್ರ ಸಿಕ್ಕರೆ ಮೊದಲ ದಿನವೇ ಅದರ ಹೋಸ್ಟ್‌ಐಡಿ, ಮ್ಯಾಕ್ ವಿಳಾಸ ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಒಳಗೇ ಅಂಟಿಸಿ.

ಇನ್ನು ಯಾವ ಓಎಸ್? ಸ್ಪಾರ್ಕ್‌ಸ್ಟೇಷನ್ 20 ಒಂದು 32-ಬಿಟ್ ಯಂತ್ರ. ಸನ್ ಕಂಪನಿಯದೇ ಓಎಸ್ ಸೋಲಾರಿಸ್, ಅದರ 9ನೇ ಆವೃತ್ತಿ ಈ ಯಂತ್ರಕ್ಕೆ ಕೊನೆ. 2005ರ ಸೋಲಾರಿಸ್ 10ಕ್ಕೆ 64-ಬಿಟ್ ಅಲ್ಟ್ರಾಸ್ಪಾರ್ಕ್ ಬೇಕೇಬೇಕು. ಉಚಿತವಾಗಿ ಸಿಗುವ ಓಎಸ್‌ಗಳಲ್ಲಿ ಓಪನ್‌ಬಿಎಸ್‌ಡಿ 32-ಬಿಟ್ ಸ್ಪಾರ್ಕ್ ಬಿಟ್ಟದ್ದು 2016ರ 5.9 ಆವೃತ್ತಿಯ ನಂತರ, ಫ್ರೀಬಿಎಸ್‌ಡಿ 64-ಬಿಟ್ ಸ್ಪಾರ್ಕನ್ನೂ 13ನೇ ಆವೃತ್ತಿಯಲ್ಲಿ ಕೈಬಿಟ್ಟಿತು. ಅಲ್ಟ್ರಾ 5ರಲ್ಲಿ ಸೋಲಾರಿಸ್ 10 ಓಡುತ್ತದೆ, ಆದರೆ ಭಾರ. ಸೋಲಾರಿಸ್ 8 ಹಗುರ, ಆ ಕಾಲದ ಡೆಸ್ಕ್‌ಟಾಪ್ ಇದ್ದ ಹಾಗೇ ನೋಡಬಹುದು. ಕಲಿಯುವವರಿಗೆ ಮಾತ್ರ ನಾನು ಮೊದಲು ಹೇಳುವುದು ನೆಟ್‌ಬಿಎಸ್‌ಡಿ. ಅದು ಬೂಟ್ ಆಗುವಾಗ ಪ್ರತಿ ಸಾಧನವನ್ನೂ ಒಂದೊಂದು ಸಾಲಲ್ಲಿ ಬರೆಯುತ್ತದೆ. ಡ್ರೈವರ್ ಇಲ್ಲದ ಕಾರ್ಡನ್ನೂ ಮರೆಮಾಚುವುದಿಲ್ಲ, ಸಂಖ್ಯೆ ಹಾಕಿ, ಇದಕ್ಕೆ ಡ್ರೈವರ್ ಜೋಡಿಸಿಲ್ಲ ಅಂತ ನೇರ ಹೇಳುತ್ತದೆ. ಫರ್ಮ್‌ವೇರ್ ಪಟ್ಟಿಯಲ್ಲಿ ಇದೆ, ಇಲ್ಲೂ ಸಂಖ್ಯೆ ಬಂತು ಅಂದರೆ ಕಾರ್ಡ್ ಸರಿಯಿದೆ, ಡ್ರೈವರ್ ಹುಡುಕಿ. ಫರ್ಮ್‌ವೇರ್ ಪಟ್ಟಿಯಲ್ಲೇ ಇಲ್ಲದಿದ್ದರೆ ಓಎಸ್ ಬದಲಿಸಿ ಏನೂ ಉಪಯೋಗವಿಲ್ಲ.

ಸಿಡಿ ಡ್ರೈವ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹಳೇ ಸನ್ ಯಂತ್ರಗಳಿಗೆ 512 ಬೈಟ್ ಬ್ಲಾಕ್ ಕೊಡುವ ಸ್ಕಸಿ ಡ್ರೈವ್ ಬೇಕು, ಪಿಸಿಯವು 2048 ಬೈಟ್ ಕೊಡುತ್ತವೆ. ಕೆಲವಕ್ಕೆ ಅದನ್ನು ಬದಲಿಸಲು ಹಿಂದೆ ಜಂಪರ್ ಇದೆ. ಅದೃಷ್ಟ ಇದ್ದರೆ ಸರಿ. ಡಿಸ್ಕ್ ಸತ್ತಿದ್ದರೆ ಬ್ಲೂಸ್ಕಸಿ, ಜುಲುಸ್ಕಸಿ ಅನ್ನುವ ಸಣ್ಣ ಬೋರ್ಡ್ ಬಂದಿವೆ, ಎಸ್‌ಡಿ ಕಾರ್ಡನ್ನೇ ಸ್ಕಸಿ ಡಿಸ್ಕ್ ಅಂತ ತೋರಿಸುತ್ತವೆ. ಸ್ಕಸಿ ಕೇಬಲಿನ ಎರಡೂ ತುದಿಗೆ ಸಿಗ್ನಲ್ ಮರಳಿ ಬರದಂತೆ ತಡೆಯುವ ಟರ್ಮಿನೇಟರ್ ಇರಲಿ.

ನನಗೆ ಇಷ್ಟವಾದದ್ದು ನೆಟ್‌ವರ್ಕ್ ಬೂಟ್. ಸಿಡಿಯ ಗೋಜೇ ಇಲ್ಲ. ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್, ಒಂದು ಸಣ್ಣ ಸ್ವಿಚ್, ಎರಡು ಕೇಬಲ್ ಸಾಕು. ಓಕೆ ಸಾಲಿನಲ್ಲಿ ಬೂಟ್ ನೆಟ್ ಅಂದರೆ ಯಂತ್ರ ತನ್ನ ಮ್ಯಾಕ್ ವಿಳಾಸ ಕೂಗಿ, ನನ್ನ ಐಪಿ ಏನು ಅಂತ ಕೇಳುತ್ತದೆ. ಇದು ರಾರ್ಪ್. ಲ್ಯಾಪ್‌ಟಾಪ್ 192.168.1.5 ಅಂತ ಉತ್ತರ ಕೊಟ್ಟಿತು ಅನ್ನಿ. ಯಂತ್ರ ಆ ನಾಲ್ಕು ಸಂಖ್ಯೆಗಳನ್ನು ಹೆಕ್ಸ್‌ಗೆ ತಿರುಗಿಸುತ್ತದೆ. 192 ಅಂದರೆ ಸಿ0, 168 ಅಂದರೆ ಎ8, ಆಮೇಲೆ 01, 05. ಈ ಎಂಟು ಅಕ್ಷರ ಒಟ್ಟಿಗೆ ಸೇರಿಸಿದ ಹೆಸರಿನ ಫೈಲನ್ನು ಟಿಎಫ್‌ಟಿಪಿ ಅನ್ನುವ ಫೈಲ್ ಸಾಗಿಸುವ ವಿಧಾನದಲ್ಲಿ ಬೇಡುತ್ತದೆ. ಅಕ್ಷರಗಳು ದೊಡ್ಡವೇ ಆಗಿರಬೇಕು. ಸ್ಪಾರ್ಕ್‌ಸ್ಟೇಷನ್ 20 ಆದರೆ ಕೊನೆಗೆ ಚುಕ್ಕಿ ಇಟ್ಟು ಸನ್4ಎಂ ಅಂತ ಬಾಲವನ್ನೂ ಸೇರಿಸುತ್ತದೆ. ಹೆಸರು ಸರಿ ಹೊಂದಿದ ಕೂಡಲೇ ತೆರೆಯ ಮೇಲೆ ಹೆಕ್ಸ್ ಸಂಖ್ಯೆ ಏರುತ್ತಾ ಹೋಗುತ್ತದೆ. ಅದನ್ನು ನೋಡುವ ಸಂತೋಷ ಅನುಭವಿಸಿಯೇ ತಿಳಿಯಬೇಕು. ರಾರ್ಪ್ ಉತ್ತರ ಬರಲಿಲ್ಲ ಅನ್ನುವ ಸಾಲು ಪದೇ ಪದೇ ಬಂದರೆ ಕೇಬಲ್ ನೋಡಿ, ಲ್ಯಾಪ್‌ಟಾಪಿನ ಫೈರ್‌ವಾಲ್ ನೋಡಿ, ಆಮೇಲೆ ಮ್ಯಾಕ್ ವಿಳಾಸ ಸರಿ ಬರೆದಿದ್ದೀರಾ ನೋಡಿ.

ಎರಡನೇ ನೆಟ್‌ವರ್ಕ್ ಕಾರ್ಡ್ ಹಾಕುವವರು ಒಂದು ವಿಷಯ ತಿಳಿದಿರಬೇಕು. ಸನ್ ಲೆಕ್ಕದಲ್ಲಿ ಮ್ಯಾಕ್ ವಿಳಾಸ ಯಂತ್ರಕ್ಕೆ ಸೇರಿದ್ದು, ಕಾರ್ಡಿಗಲ್ಲ. ಹಾಗಾಗಿ ಎಷ್ಟು ಕಾರ್ಡ್ ಹಾಕಿದರೂ ಎಲ್ಲಕ್ಕೂ ಒಂದೇ ವಿಳಾಸ. ಎರಡು ಕೇಬಲನ್ನೂ ಒಂದೇ ಸ್ವಿಚ್‌ಗೆ ಚುಚ್ಚಿದರೆ ಸ್ವಿಚ್‌ಗೆ ಗೊಂದಲ. ಒಮ್ಮೆ ಸಂಪರ್ಕ ಸಿಗುತ್ತದೆ, ಒಮ್ಮೆ ಇಲ್ಲ. ಲೋಕಲ್-ಮ್ಯಾಕ್-ಅಡ್ರೆಸ್ ಅನ್ನುವ ಸೆಟ್ಟಿಂಗನ್ನು ಟ್ರೂ ಮಾಡಿ, ಪ್ರತಿ ಕಾರ್ಡ್ ತನ್ನ ಸ್ವಂತ ವಿಳಾಸ ಬಳಸುತ್ತದೆ.

ಮಾನಿಟರ್ ಸಿಗಲಿಲ್ಲ ಅಂತ ಸುಮ್ನೆ ಕೂರಬೇಡಿ. ಹಳೇ ಸನ್ ಯಂತ್ರಗಳ 13ಡಬ್ಲ್ಯೂ3 ಕನೆಕ್ಟರಿಗೆ ಕೇಬಲ್ ಹುಡುಕುವುದೇ ಕಷ್ಟ. ಕೀಬೋರ್ಡ್ ಕಿತ್ತು ಆನ್ ಮಾಡಿದರೆ ಮಾತು ತಾನಾಗಿ ಸೀರಿಯಲ್ ಪೋರ್ಟಿಗೆ ಹೋಗುತ್ತದೆ. ವೇಗ 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಯುಎಸ್‌ಬಿ ಸೀರಿಯಲ್ ಕೇಬಲ್, ಕಳಿಸುವ, ಪಡೆಯುವ ತಂತಿ ಅದಲುಬದಲು ಮಾಡುವ ಒಂದು ನಲ್ ಮೋಡೆಮ್ ಜೋಡಣೆ ಇದ್ದರೆ ಆಯಿತು.

ನಮ್ಮ ಕಡೆಯ ಹವೆಗೆ ಎರಡು ಎಚ್ಚರಿಕೆ. ಮಾರ್ಚಿನಿಂದ ಮೇ ತನಕ ಗಾಳಿ ಒಣಗಿರುತ್ತದೆ, ಮೈಯಲ್ಲಿ ಸ್ಟ್ಯಾಟಿಕ್ ಜಾಸ್ತಿ. ಕಾರ್ಡ್ ಮುಟ್ಟುವ ಮೊದಲು ಅರ್ಥಿಂಗ್ ಇರುವ ಲೋಹ ಮುಟ್ಟಿ. ಬರಿಗಾಲಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ನಿಂತಿದ್ದೇನೆ, ಅಷ್ಟೇ ಸಾಕು ಅಂತ ಬಿಡಬೇಡಿ. ಇನ್ನೊಂದು, ಪವರ್ ಸಪ್ಲೈ. ಕೆಪಾಸಿಟರ್ ಸುತ್ತ 10 ಡಿಗ್ರಿ ಬಿಸಿ ಏರಿದರೆ ಬಾಳಿಕೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಸುಮಾರು ಲೆಕ್ಕ. ವರ್ಷಗಟ್ಟಲೆ ಮುಚ್ಚಿಟ್ಟ ಯಂತ್ರವನ್ನು ನೇರ ಪ್ಲಗ್‌ಗೆ ಹಾಕಬೇಡಿ. ಬಿಚ್ಚಿ, ಧೂಳು ತೆಗೆದು, ಉಬ್ಬಿದ, ಸೋರಿದ ಕೆಪಾಸಿಟರ್ ಇದೆಯಾ ನೋಡಿ. ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದೆ ಇನ್‌ಸ್ಟಾಲ್ ಶುರು ಮಾಡಬೇಡಿ.

ಈಗ ಅಲ್ಟ್ರಾ 5 ಆನ್ ಮಾಡುತ್ತೇನೆ. ಅದರಲ್ಲಿ ಮೂರು ಪಿಸಿಐ ಕಾರ್ಡ್ ಇವೆ. ಒಂದರಲ್ಲಿ ಎಫ್‌ಕೋಡ್ ಇದೆ, ಎರಡರಲ್ಲಿ ಇಲ್ಲ. ನಾಲ್ಕು ನಾಲ್ಕು ಜನ ಬನ್ನಿ. ಸ್ಟಾಪ್-ಎ ಒತ್ತಿ, ಶೋ-ಡೆವ್ಸ್ ಕೊಡಿ, ಯಾವುದು ಯಾವುದು ಅಂತ ನೀವೇ ಹೇಳಿ.