ನೀರು ಕಾಣದ ಬಾವಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಭೂಗೋಳ ಪಾಠ ಮಾಡುವವರು. ಭೂಖಂಡೀಯ ವಾಯುಗುಣ ಅಂದರೇನು ಎಂದು ಕೇಳಿದರೆ ಮಕ್ಕಳು "ತುಂಬಾ ಚಳಿ ಇರೋದು ಸಾರ್" ಅನ್ನುತ್ತಾರೆ. ನಾವೂ ಅಂಕ ಕೊಟ್ಟುಬಿಡುತ್ತೇವೆ. ಆ ಉತ್ತರ ಬದಲಾಗಬೇಕು, ಅದನ್ನು ಹೇಳಲಿಕ್ಕೇ ಬಂದಿದ್ದೇನೆ. ನೋಡಬೇಕಾದದ್ದು ಚಳಿಯನ್ನಲ್ಲ, ಬೇಸಿಗೆಗೂ ಚಳಿಗಾಲಕ್ಕೂ ಇರುವ ಉಷ್ಣತೆಯ ಅಂತರವನ್ನು.

ಸೈಬೀರಿಯಾದ ಯಾಕುತ್ಸ್ಕ್ ತೆಗೆದುಕೊಳ್ಳಿ. ಲೇನಾ ನದಿ ದಂಡೆಯ ಊರು, 62 ಡಿಗ್ರಿ ಉತ್ತರ ಅಕ್ಷಾಂಶ. ಜನವರಿಯ ಸರಾಸರಿ ಸೊನ್ನೆಗಿಂತ ಸುಮಾರು 38 ಡಿಗ್ರಿ ಕೆಳಗೆ. ಜುಲೈಯಲ್ಲಿ ಸರಾಸರಿ 19-20. ಮಧ್ಯಾಹ್ನ 30 ದಾಟುವುದೂ ಉಂಟು. ಅದೇ ಅಕ್ಷಾಂಶದಲ್ಲಿ ಅಟ್ಲಾಂಟಿಕ್ ನಡುವೆ ಫ್ಯಾರೋ ದ್ವೀಪಗಳ ತೋರ್ಸ್‌ಹಾವ್ನ್ ಇದೆ. ಅಲ್ಲಿ ಚಳಿಗಾಲದಲ್ಲಿ ಸುಮಾರು 4, ಬೇಸಿಗೆಯಲ್ಲಿ ಸುಮಾರು 11. ಅಂತರ ಏಳೇ ಡಿಗ್ರಿ! ಯಾಕುತ್ಸ್ಕ್‌ನಲ್ಲಿ ಐವತ್ತೇಳರ ಮೇಲೆ. ಬಿಸಿಲು ಎರಡೂ ಊರಿಗೆ ಬೀಳುವುದು ಒಂದೇ ಓರೆಯಲ್ಲಿ. ಒಂದರ ಸುತ್ತ ಸಮುದ್ರ, ಇನ್ನೊಂದರ ಸುತ್ತ ಬರೀ ನೆಲ.

ನೀರು ಕಾಯಲು ಮಣ್ಣಿಗಿಂತ ಎಷ್ಟೋ ಪಟ್ಟು ಶಾಖ ಬೇಕು. ಅಲೆಗಳು ಆ ಶಾಖವನ್ನು ಆಳಕ್ಕೂ ಕಲಸುತ್ತವೆ. ಹಾಗಾಗಿ ಸಮುದ್ರ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ನೆಲದಲ್ಲಿ ಮೇಲಿನ ತೆಳು ಪದರ ಮಾತ್ರ ಕಾಯುವುದು, ಬೇಗ ಆರಿಬಿಡುತ್ತದೆ. ಮಂಗಳೂರಿನವರು ಕಲಬುರಗಿಗೆ ವರ್ಗವಾಗಿ ಹೋದರೆ, ಡಿಸೆಂಬರಿನಲ್ಲಿ ಹಗಲಿಗೂ ರಾತ್ರಿಗೂ ಎಷ್ಟು ವ್ಯತ್ಯಾಸ ಎಂದು ಮೈಗೇ ಗೊತ್ತಾಗುತ್ತದೆ, ಅಲ್ವಾ? ಕಲಬುರಗಿಯದು ಭೂಖಂಡೀಯ ವಾಯುಗುಣ ಅಲ್ಲ. ಆದರೆ ನೆಲ ಮಾಡುವ ಕೆಲಸ ಅದೇ.

ಈಗ ಒಂದು ಬಾವಿಯ ಕತೆ. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸೇ ಬರುವುದಿಲ್ಲ. ಯಾಕುತ್ಸ್ಕ್‌ನಲ್ಲಿ ಫ್ಯೋದರ್ ಶೆರ್ಗಿನ್ ಎಂಬಾತ ರಷ್ಯನ್-ಅಮೆರಿಕನ್ ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ. 1828ರ ಸುಮಾರಿಗೆ ಕುಡಿಯುವ ನೀರಿಗೆಂದು ಬಾವಿ ತೋಡಿಸತೊಡಗಿದ. ಹತ್ತು ಮೀಟರ್ ಹೋದರೂ ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿದೆ. ಇಪ್ಪತ್ತು, ಮೂವತ್ತು ಹೋದರೂ ಅದೇ. ನಮ್ಮೂರಲ್ಲಾದರೆ ಜಾಗ ಬದಲಾಯಿಸುತ್ತಿದ್ದರು. ಆತ ಬಿಡಲಿಲ್ಲ. 1837ರ ಹೊತ್ತಿಗೆ ಬಾವಿ 116 ಮೀಟರ್ ಆಳವಾಯಿತು. ಕುತುಬ್ ಮಿನಾರ್ ಅದರೊಳಗೆ ಪೂರ್ತಿ ಇಳಿಯುತ್ತದೆ, ಮೇಲೆ ಇನ್ನೂ ಜಾಗ ಉಳಿಯುತ್ತದೆ! ಒಂದು ಬಿಂದಿಗೆ ನೀರು ಸಿಗಲಿಲ್ಲ. ಆಮೇಲೆ 1840ರ ದಶಕದಲ್ಲಿ ಮಿಡ್ಡೆನ್‌ಡಾರ್ಫ್ ಎಂಬ ವಿಜ್ಞಾನಿ ಅದೇ ಬಾವಿಯಲ್ಲಿ ಬೇರೆ ಬೇರೆ ಆಳದ ಉಷ್ಣತೆ ಅಳೆದ. ತಳದಲ್ಲೂ ಸೊನ್ನೆಗಿಂತ ಕೆಳಗೆ. ನೀರು ಕೊಡದ ಬಾವಿ ವಿಜ್ಞಾನಕ್ಕೆ ದೊಡ್ಡ ಉಪಕಾರ ಮಾಡಿತು.

ಅಲ್ಲಿನ ಬೇಸಿಗೆಗೆ ಕರಗುವುದು ಮೇಲಿನ ಒಂದೆರಡು ಮೀಟರ್ ಅಷ್ಟೇ. ಆದ್ದರಿಂದಲೇ ಊರಿನ ಕಟ್ಟಡಗಳು ಕಂಬಗಳ ಮೇಲೆ ನಿಂತಿವೆ. ಮನೆಯ ಬಿಸಿ ನೆಲಕ್ಕೆ ತಾಗಿದರೆ ನೆಲ ಕರಗಿ ಗೋಡೆ ಕುಸಿಯುತ್ತದೆ. ಇನ್ನೊಂದು ಸೋಜಿಗ ಇದೆ. ವರ್ಷಕ್ಕೆ ಸುಮಾರು 240 ಮಿಲಿಮೀಟರ್ ಮಳೆ-ಹಿಮ ಬೀಳುವ ಜಾಗದಲ್ಲಿ ಲಾರ್ಚ್ ಮರಗಳ ಕಾಡು ಹಬ್ಬಿದೆ. ಕೆಳಗಿನ ಹೆಪ್ಪು ನೀರನ್ನು ಇಂಗಲು ಬಿಡದೆ ಬೇರಿನ ಹತ್ತಿರವೇ ಹಿಡಿದಿಡುತ್ತದೆ.

ಚೀಟಿ ಬಂತು, ಐದೇ ನಿಮಿಷ ಅಂತೆ. ಸರಿ, ಬೇಗ ಹೇಳುತ್ತೇನೆ. ಚಳಿಗಾಲದಲ್ಲಿ ತಣ್ಣನೆಯ ಭಾರದ ಗಾಳಿ ಸೈಬೀರಿಯಾದ ಮೇಲೆ ಕೂತುಬಿಡುತ್ತದೆ. ತೇವದ ಗಾಳಿಗೆ ದಾರಿ ಸಿಗುವುದಿಲ್ಲ. ಅದಕ್ಕೇ ಮಳೆ ಜಾಸ್ತಿ ಬೀಳುವುದು ಬೇಸಿಗೆಯಲ್ಲಿ. ವಸಂತ, ಶರತ್ಕಾಲ ಎರಡೂ ಸುಮ್ನೆ ಬಂದು ಹೋದಂತೆ. ಸೈಬೀರಿಯಾದ ಇನ್ನೊಂದು ಊರು ವೆರ್ಖೋಯಾನ್ಸ್ಕ್‌ನಲ್ಲಿ 1892ರಲ್ಲಿ ಮೈನಸ್ 67.8 ಡಿಗ್ರಿ ದಾಖಲಾಗಿತ್ತು. ಅದೇ ಊರಲ್ಲಿ 2020ರ ಜೂನ್ 20ರಂದು 38 ಡಿಗ್ರಿ. ಮತ್ತೆ ಅದೇ ಮಾತು: ಅಂತರ ನೋಡಿ.

ದಕ್ಷಿಣಾರ್ಧದಲ್ಲಿ ಇಂಥ ವಾಯುಗುಣ ಯಾಕಿಲ್ಲ ಎಂದು ಆಗ ಒಬ್ಬರು ಕೇಳಿದಿರಿ. ಗ್ಲೋಬ್ ತೆಗೆದುಕೊಂಡು 60 ಡಿಗ್ರಿ ದಕ್ಷಿಣದ ಗೆರೆಯ ಮೇಲೆ ಬೆರಳು ಓಡಿಸಿ. ಇಡೀ ಸುತ್ತು ಬಂದರೂ ಬೆರಳಿಗೆ ನೆಲ ತಾಗುವುದಿಲ್ಲ.