ಇಂಧನದ ಲೆಕ್ಕ ಒಲೆಯಿಂದ ಶುರುವಾಗಲಿ

ಎಲ್ಲರಿಗೂ ನಮಸ್ಕಾರ.

ನಮ್ಮ ತುಮಕೂರು ಜಿಲ್ಲೆಯಲ್ಲಿ ನವೀಕರಿಸಬಹುದಾದ ಇಂಧನ ಅಂದ ಕೂಡಲೇ ಎಲ್ಲರೂ ಪಾವಗಡದ ಕಡೆ ಕೈ ತೋರಿಸುತ್ತಾರೆ. ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್. ಗುತ್ತಿಗೆ ಶುರುವಾದದ್ದು ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ. ಮಳೆ ನಂಬಿ ಶೇಂಗಾ ಬಿತ್ತಿ ಕೈಸುಟ್ಟುಕೊಂಡವರಿಗೆ ಆ ಹಣ ಸಣ್ಣದಲ್ಲ. ಆದರೆ ಅಲ್ಲಿ ಊರಿನವರು ಕೊಟ್ಟದ್ದು ಜಮೀನು. ನಾನು ಇವತ್ತು ಹೇಳಬೇಕೆಂದಿರುವುದು ಊರಿನವರೇ ಕಲಿತು, ನಡೆಸಿ, ಕೆಟ್ಟರೆ ರಿಪೇರಿ ಮಾಡಿಕೊಳ್ಳಬಲ್ಲ ವಿದ್ಯೆಯ ಬಗ್ಗೆ.

ಅದಕ್ಕೆ ಕುಣಿಗಲ್ ತಾಲ್ಲೂಕಿಗೆ ಬರಬೇಕು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ, ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸಲು ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಅವರು ಉಂಗ್ರ, ಪುರದಂಥ ಹಳ್ಳಿಗಳಲ್ಲಿ ಮನೆಮನೆಯ ಇಂಧನದ ಲೆಕ್ಕ ಹಾಕಿದರು. ಬಹುಪಾಲು ಸೌದೆ, ಅದೂ ಅಡುಗೆಗೆ ಮತ್ತು ಸ್ನಾನದ ನೀರಿಗೆ. ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಉರಿ ಒಳಗೇ ಉಳಿಯುವಂಥ ಮುಚ್ಚಿದ ಗೂಡು, ಕೆಳಗೆ ಗಾಳಿಯಾಡಲು ಜಾಲರಿ, ಹೊಗೆ ಮೇಲೆ ಹೋಗಲು ಕೊಳವೆ. ಒಂದೇ ಉರಿಗೆ ಮೂರು ಪಾತ್ರೆ. ಇದನ್ನು ಮಣ್ಣಿನಲ್ಲೇ ಕಟ್ಟಬಹುದು. ಆದರೆ ಅಳತೆ ತಪ್ಪಿದರೆ, ಕೊಳವೆಯ ಮಸಿ ತೆಗೆಯದಿದ್ದರೆ ಹೊಗೆ ಮತ್ತೆ ಅಡುಗೆಮನೆಗೇ.

ನನಗೆ ಇನ್ನೂ ದೊಡ್ಡ ಪಾಠ ಅನ್ನಿಸುವುದು ಪುರದ ಗೋಬರ್ ಗ್ಯಾಸ್. ಮೊದಲು ಇಡೀ ಊರಿಗೆ ಅಡುಗೆಯ ಗ್ಯಾಸ್ ಕೊಡುವ ಯೋಚನೆಯಿತ್ತು. ಲೆಕ್ಕ ಕೂಡಲಿಲ್ಲ. ಒಂದು ಕಿಲೋ ಸಗಣಿಯಿಂದ ಬರುವುದು ಸುಮಾರು 40 ಲೀಟರ್ ಗ್ಯಾಸ್. ಐದು ಜನರ ಮನೆಯ ಅಡುಗೆಗೆ ದಿನಕ್ಕೆ ಸಾವಿರ ಲೀಟರಿಗೂ ಮೇಲೆ ಬೇಕು. ಅಂದರೆ 25 ಕಿಲೋಗೂ ಹೆಚ್ಚು ಸಗಣಿ, ಮೂರ್ನಾಲ್ಕು ರಾಸು. ಎಲ್ಲರ ಕೊಟ್ಟಿಗೆಯಲ್ಲಿ ಅಷ್ಟು ರಾಸು ಎಲ್ಲಿರುತ್ತವೆ? ಊರಿಗೆ ತುರ್ತಾಗಿ ಬೇಕಿದ್ದುದು ಕುಡಿಯುವ ನೀರು. 1987ರಿಂದ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಕರೆಂಟು ಮಾಡಿದರು. ಕೊಳವೆ ಬಾವಿಯ ನೀರು ನಲ್ಲಿಗೆ ಬಂತು, ಮನೆಗಳಿಗೆ ದೀಪ ಬಂತು. ಸಗಣಿ ತಂದು ಹಾಕಿದವರಿಗೆ ತೂಕದ ಮೇಲೆ ಹಣ; ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ವಾಪಸ್. ನಡೆಸಿದವರು ಊರಿನ ಹುಡುಗರೇ. ರಾಸು ಇಲ್ಲದ ಮನೆಗೂ ನೀರು, ಬೆಳಕು ಸಿಕ್ಕಿತು. ಈ ನ್ಯಾಯ ನನ್ನ ಮನಸ್ಸಿಗೆ ಬಹಳ ಹಿಡಿಸಿದೆ.

ಯಂತ್ರ ಕೊಳ್ಳುವ ಮೊದಲು ನಮಗೆ ಏನು ಬೇಕು, ನಮ್ಮಲ್ಲಿ ಏನಿದೆ, ನಾಳೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ತೀರ್ಮಾನವಾಗಬೇಕು. ಸೋಲಾರ್ ಹಲಗೆಯ ಧೂಳು ಒರೆಸುವವರಿಲ್ಲದೆ, ಬ್ಯಾಟರಿಗೆ ನೀರು ಹಾಕುವವರಿಲ್ಲದೆ ಎಷ್ಟು ಬೀದಿ ದೀಪಗಳು ಆರಿವೆ, ನೀವೇ ನೋಡಿದ್ದೀರಿ. ತಿಪಟೂರು, ಗುಬ್ಬಿ ಕಡೆಯವರಿಗೆ ತೆಂಗಿನ ಚಿಪ್ಪು, ಮಟ್ಟೆಗೆ ಬರವಿಲ್ಲ. ಅವರು ಹಂಡೆ ಒಲೆಯನ್ನು ಸರಿಪಡಿಸಿಕೊಂಡರೇ ಸಾಕಷ್ಟು ಉಳಿಯುತ್ತದೆ. ಅನ್ನಕ್ಕೆ ಇನ್ನೂ ಸುಲಭದ ದಾರಿಯಿದೆ: ಅಕ್ಕಿ ಚೆನ್ನಾಗಿ ಕುದಿ ಬಂದ ಮೇಲೆ ಪಾತ್ರೆಯನ್ನು ಮುಚ್ಚಿ, ಒಣಹುಲ್ಲು ಒತ್ತಾಗಿ ತುಂಬಿದ ಬುಟ್ಟಿಯೊಳಗಿಟ್ಟು ಮೇಲೆ ಕಂಬಳಿ ಹೊದಿಸಿ. ಒಳಗಿನ ಬಿಸಿಯಲ್ಲೇ ಬೇಯುತ್ತದೆ. ಮುದ್ದೆಗೆ ಇದು ಆಗದು, ಅದಕ್ಕೆ ಉರಿಯೇ ಬೇಕು.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಈ ವಾರ ಮನೆಯಲ್ಲಿ ಅಡುಗೆಗೆ, ಸ್ನಾನಕ್ಕೆ ಸುಡುವ ಸೌದೆಯನ್ನು ದಿನವೂ ತೂಗಿ ಬರೆದಿಡಿ. ಸಿಲಿಂಡರ್ ಇರುವವರು ಅದು ಎಷ್ಟು ದಿನ ಬಂತು ಅಂತ ಬರೆಯಿರಿ. ಸೌದೆ ತರುವವರು ಯಾರು, ಎಷ್ಟು ದೂರದಿಂದ ಅಂತ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಅದನ್ನೂ ಸೇರಿಸಿ. ಮುಂದಿನ ಸಲ ಆ ಚೀಟಿಗಳನ್ನು ತನ್ನಿ, ಯಾರ ಮನೆಯಲ್ಲಿ ಮೊದಲು ಒಲೆ ಕಟ್ಟಬೇಕೆಂದು ಅದನ್ನು ನೋಡಿಯೇ ನಿರ್ಧರಿಸೋಣ.